ಮುದುಕಿ ಅಂಗಾತ ಬೀಳಬೇಕು: ಮೂರು ಕಿತ್ತಳೆಯ ಕಥೆಯನ್ನು ಸೂತ್ರದ ಗೊಂಬೆಗಳಲ್ಲಿ ಆಡಿಸುವುದು ಹೇಗೆ

ಒಬ್ಬ ರಾಜಕುಮಾರ. ಏನು ಮಾಡಿದರೂ ನಗುವುದಿಲ್ಲ. ಅವನನ್ನು ನಗಿಸಲೆಂದೇ ಅರಮನೆಯಂಗಳದಲ್ಲಿ ಹಬ್ಬ. ಒಂದು ಕಾರಂಜಿಯಲ್ಲಿ ಎಣ್ಣೆ, ಇನ್ನೊಂದರಲ್ಲಿ ವೈನ್. ಕುಣಿತ, ಕುಸ್ತಿ, ಕೋಡಂಗಿಯಾಟ ಯಾವುದಕ್ಕೂ ಅವನ ತುಟಿ ಅಲುಗುವುದಿಲ್ಲ. ಅಷ್ಟರಲ್ಲಿ ಪಾತ್ರೆ ಹಿಡಿದು ಎಣ್ಣೆಗೆಂದು ಬಂದ ಮುದುಕಿಯೊಬ್ಬಳು ಕಾಲು ಮೇಲಾಗಿ ಅಂಗಾತ ಬೀಳುತ್ತಾಳೆ. ರಾಜಕುಮಾರ ಬಿದ್ದು ಬಿದ್ದು ನಗುತ್ತಾನೆ. ಬಿದ್ದವಳು ಫಾತಾ ಮೋರ್ಗಾನಾ ಎಂಬ ಮಾಟಗಾತಿ. ಎದ್ದವಳೇ ಶಾಪ ಹಾಕುತ್ತಾಳೆ: ನಿನಗೆ ಮೂರು ಕಿತ್ತಳೆಹಣ್ಣಿನ ಮೇಲೆ ಮೋಹ ಹುಟ್ಟಲಿ. ಆ ಹಣ್ಣುಗಳಿರುವುದು ರಾಕ್ಷಸಿ ಕ್ರೆಯೋಂತಾಳ ಕೋಟೆಯಲ್ಲಿ, ಒಂದೊಂದರೊಳಗೂ ಒಬ್ಬೊಬ್ಬ ಹುಡುಗಿ.

ವೆನಿಸ್‌ನ ಕಾರ್ಲೊ ಗೊಝ್ಝಿ ಈ ಅಜ್ಜಿಕಥೆಯನ್ನು ನಾಟಕ ಮಾಡಿ 1761ರ ಜನವರಿ 25ರಂದು ಸಾನ್ ಸಾಮ್ಯುಯೆಲೆ ರಂಗಮಂದಿರದಲ್ಲಿ ಆಡಿಸಿದ. ಆಡಿದ್ದು ಅಂತೋನಿಯೊ ಸಾಕ್ಕಿಯ ತಂಡ, ಮುಖವಾಡ ಹಾಕಿಕೊಂಡು ಸ್ಥಳದಲ್ಲೇ ಮಾತು ಕಟ್ಟುವ ಕೊಮ್ಮೇದಿಯಾ ದೆಲ್ಲಾರ್ತೆಯ ನಟರು. ಕಥೆ ಅದಕ್ಕಿಂತ ಹಳೆಯದು. 17ನೇ ಶತಮಾನದ ನೇಪಲ್ಸಿನ ಜಂಬತ್ತಿಸ್ತಾ ಬಾಸಿಲೆಯ ಸಂಗ್ರಹದಲ್ಲಿ ಕಿತ್ತಳೆಯ ಬದಲು ಮಾದಳದ ಹಣ್ಣಿದೆ. 1921ರಲ್ಲಿ ರಷ್ಯದ ಸಂಗೀತ ರಚನಕಾರ ಪ್ರೊಕೋಫಿಯೆವ್ ಇದನ್ನು ಒಪೆರಾ ಮಾಡಿ ಶಿಕಾಗೊದಲ್ಲಿ ತೋರಿಸಿದ.

ಸೂತ್ರದ ಗೊಂಬೆಗೆ ಈ ಕಥೆ ಹೇಳಿ ಮಾಡಿಸಿದಂತಿದೆ. ಕಾರಣ ಆ ಒಂದು ಬೀಳುವಿಕೆ. ನಟ ಬಿದ್ದರೆ ಎಲ್ಲಿ ಪೆಟ್ಟಾಯಿತೋ ಎಂದು ನೋಡುವವರಿಗೆ ಒಂದು ಕ್ಷಣ ಅಳುಕು. ಗೊಂಬೆ ಬಿದ್ದರೆ ಆ ಅಳುಕಿಲ್ಲ, ಬರೀ ನಗು. ಆದರೆ ಗೊಂಬೆಗೆ ತೂಕ ಇಲ್ಲದಿದ್ದರೆ ಅದು ಬೀಳುವುದಿಲ್ಲ, ಗಾಳಿಯಲ್ಲಿ ಇಳಿಯುತ್ತದೆ, ಅಷ್ಟೆ. ಆದ್ದರಿಂದ ಕೆಲಸವನ್ನು ಮುದುಕಿಯ ಗೊಂಬೆಯಿಂದಲೇ ಶುರು ಮಾಡಿ. ಅವಳು ಸರಿಯಾಗಿ ಬಿದ್ದಳು ಎಂದರೆ ಉಳಿದ ಗೊಂಬೆಗಳ ಅಳತೆ, ತೂಕ, ಸೂತ್ರ ಎಲ್ಲ ಅದೇ ಲೆಕ್ಕಕ್ಕೆ ಬರುತ್ತವೆ.

ಯಾರ್‍ಯಾರು ಬೇಕು

35–40 ನಿಮಿಷದ ಆಟಕ್ಕೆ ಆಡಿಸುವವರು ಮೂವರು, ಸದ್ದು ಮತ್ತು ಬೆಳಕಿಗೆ ಒಬ್ಬರು. ಪೂರ್ಣ ಕೀಲಿನ ಗೊಂಬೆ ಆರು: ರಾಜಕುಮಾರ ತಾರ್ತಾಲ್ಯಾ, ನಗಿಸುವ ಕೆಲಸ ಹೊತ್ತ ತ್ರುಫಾಲ್ದಿನೊ, ರಾಜನ ಆಪ್ತ ಪಾಂತಲೋನೆ, ಮಾಟಗಾತಿ ಮೋರ್ಗಾನಾ, ದಾಸಿ ಸ್ಮೆರಾಲ್ದೀನಾ, ಮೂರನೇ ಕಿತ್ತಳೆಯ ಹುಡುಗಿ ನಿನೆತ್ತಾ. ರಾಜ ಸಿಂಹಾಸನದಲ್ಲಿ ಕೂತೇ ಇರಲಿ. ಅವನಿಗೆ ತಲೆ ಮತ್ತು ಒಂದು ಕೈ ಆಡಿದರೆ ಸಾಕು. ಮೊದಲ ಎರಡು ಕಿತ್ತಳೆಯ ಹುಡುಗಿಯರಿಗೆ ಕಾಲೇ ಬೇಡ, ಉದ್ದ ಲಂಗ ಸಾಕು. ನಿನೆತ್ತಾ ಮಾಟದಿಂದ ಆಗುವ ಒಂದು ಪಾರಿವಾಳ. ಕೊಮ್ಮೇದಿಯಾದ ಬಡಾಯಿ ವೈದ್ಯ ದೊತ್ತೋರೆಯನ್ನು ಸೇರಿಸಿಕೊಳ್ಳಿ ಎಂದು ನಮ್ಮ ಸಲಹೆ, ರಾಜಕುಮಾರನೇ ರೋಗಿಯಾಗಿರುವ ಕಥೆಯಲ್ಲಿ ಆ ಬೊಲೋನ್ಯಾದ ಪಂಡಿತನನ್ನು ಬಿಡುವುದು ನಷ್ಟ. ಅವನದು ನೆಲ ಮುಟ್ಟುವ ಕರಿ ನಿಲುವಂಗಿ, ಹಾಗಾಗಿ ಅವನಿಗೂ ಕಾಲಿನ ಕೆಲಸವಿಲ್ಲ.

ಹುಡುಗಿಯರನ್ನು ಬಚ್ಚಿಟ್ಟಿರುವ ರಾಕ್ಷಸಿ ಕ್ರೆಯೋಂತಾಳಿಗೆ ಗೊಂಬೆ ಮಾಡಬೇಡಿ. ಆಡಿಸುವವರೊಬ್ಬರು ದೊಗಲೆ ತೋಳು ತೊಟ್ಟ ತಮ್ಮ ಸ್ವಂತ ಕೈಯನ್ನೇ ಪಕ್ಕದಿಂದ ಒಳಗೆ ಚಾಚಲಿ. ಅರ್ಧ ಗಂಟೆ 45 ಸೆಂ.ಮೀ. ಗೊಂಬೆಗಳನ್ನೇ ನೋಡಿ ಹೊಂದಿಕೊಂಡ ಕಣ್ಣಿಗೆ ಮನುಷ್ಯರ ಕೈ ನಿಜಕ್ಕೂ ರಾಕ್ಷಸಿಯದಾಗಿ ಕಾಣುತ್ತದೆ.

ಎರಡು ಕಡೆ ಮೂಲವನ್ನು ಬಿಡುವುದು ಲೇಸು. ಗೊಝ್ಝಿಯ ನಾಟಕದಲ್ಲಿ ಸ್ಮೆರಾಲ್ದೀನಾ ಕಪ್ಪು ಬಣ್ಣದ ದಾಸಿ, ಅವಳ ಬಣ್ಣವೇ ನಗೆಯ ವಸ್ತು. ಅದು ಬೇಡ, ರಾಣಿಯಾಗುವ ಅವಳ ಆಸೆಬುರುಕತನವೇ ಸಾಕಷ್ಟು ನಗಿಸುತ್ತದೆ. ತಾರ್ತಾಲ್ಯಾ ಎಂಬ ಮುಖವಾಡದ ಗುರುತು ತೊದಲು. ತೊದಲನ್ನು ಅಣಕಿಸುವ ಬದಲು ಅವನ ಇನ್ನೊಂದು ಗುರುತಾದ ದೊಡ್ಡ ಹಸಿರು ಕನ್ನಡಕವನ್ನೂ ಸದಾ ಕಾಯಿಲೆಯ ಭ್ರಮೆಯನ್ನೂ ಹಿಡಿದುಕೊಳ್ಳಿ.

ಗೊಂಬೆಯ ಅಳತೆ ಮತ್ತು ತೂಕ

ಒಟ್ಟು ಎತ್ತರ 45 ಸೆಂ.ಮೀ. ಅದರಲ್ಲಿ ತಲೆ 9, ಕುತ್ತಿಗೆ 1.5, ಎದೆ 8.5, ಸೊಂಟದ ಸಂದು 1, ಕಟಿ 5, ತೊಡೆ 9.5, ಮೊಣಕಾಲಿನ ಕೆಳಗೆ 8.5, ಪಾದದ ದಪ್ಪ 2. ಮನುಷ್ಯರಲ್ಲಿ ತಲೆ ಮೈಯ ಏಳೂವರೆಯಲ್ಲಿ ಒಂದು ಪಾಲು. ಇಲ್ಲಿ ಐದರಲ್ಲಿ ಒಂದು. ಕೈ, ಮಣಿಕಟ್ಟಿನಿಂದ ಬೆರಳ ತುದಿಯವರೆಗೆ, ಗದ್ದದಿಂದ ಹಣೆಯ ಮಧ್ಯದವರೆಗಿನ ಉದ್ದ, ಅಂದರೆ ಸುಮಾರು 6.5 ಸೆಂ.ಮೀ. ಮೊದಲ ಸಲ ಮಾಡುವವರೆಲ್ಲ ಕೈ ಚಿಕ್ಕದು ಮಾಡುತ್ತಾರೆ. ಐದನೇ ಸಾಲಿಗೆ ಅದು ಕಾಣುವುದೇ ಇಲ್ಲ.

ಹಗುರ ಮರ ಬೇಕು. ಯುರೋಪಿನಲ್ಲಿ ಲಿಂಡೆನ್ ಮರ ಕೆತ್ತುತ್ತಾರೆ. ಕರ್ನಾಟಕದಲ್ಲಿದ್ದರೆ ಚನ್ನಪಟ್ಟಣದ ಆಟಿಕೆಯ ಹಾಲೆಮರ ನೋಡಿ, ಉಳಿಗೆ ಚೆನ್ನಾಗಿ ಬಗ್ಗುತ್ತದೆ. ಕೆತ್ತನೆ ಬಾರದವರು ಹೆದರಬೇಕಿಲ್ಲ. 1918ರಲ್ಲಿ ಜ್ಯೂರಿಕ್‌ನ ಗೊಂಬೆ ರಂಗಕ್ಕೆ ಗೊಝ್ಝಿಯದೇ ಇನ್ನೊಂದು ಕಥೆಯನ್ನು ತಂದಾಗ ಕಲಾವಿದೆ ಸೋಫಿ ಟಾಯ್ಬರ್ ಕಡೆದ ಮರದ ಉರುಳೆ, ಶಂಕು, ಗುಂಡುಗಳನ್ನೇ ಜೋಡಿಸಿ, ಕೀಲುಗಳನ್ನು ಮುಚ್ಚದೆ, ಬಣ್ಣ ಬಳಿದು ಗೊಂಬೆ ಮಾಡಿದರು. ಕಡೆತದ ಚಕ್ರ ಇರುವ ಯಾರ ಬಳಿಯಾದರೂ ಅಂಥ ತುಂಡುಗಳನ್ನು ಮಾಡಿಸಿಕೊಳ್ಳಬಹುದು. ಅದೂ ಆಗದಿದ್ದರೆ ತಲೆಗೆ ಮಾತ್ರ ಜೇಡಿಮಣ್ಣಿನ ಅಚ್ಚಿನ ಮೇಲೆ ಎಂಟು ಪದರ ಹಳೇ ಪೇಪರ್, ಮೈದಾ ಅಂಟಿಗೆ ಅರ್ಧ ಪಾಲು ಫೆವಿಕಾಲ್. ಪ್ರತಿ ಎರಡು ಪದರಕ್ಕೊಮ್ಮೆ ಪೂರ್ತಿ ಒಣಗಿಸಿ. ಅವಸರಪಟ್ಟು ಎಂಟೂ ಪದರ ಒಟ್ಟಿಗೆ ಹಚ್ಚಿದರೆ ಒಳಗೆ ಬೂಷ್ಟು ಹಿಡಿದು ಮೂಗು ಕುಸಿಯುತ್ತದೆ. ಈ ನಾಟಕದಲ್ಲಿ ಮೂಗಿಲ್ಲದೆ ಯಾರೂ ಇಲ್ಲ.

ಬಟ್ಟೆ ಸೇರಿ ಒಂದು ಗೊಂಬೆ 600–700 ಗ್ರಾಂ ಇರಲಿ. 900 ದಾಟಿದರೆ ಹತ್ತು ನಿಮಿಷಕ್ಕೆ ಆಡಿಸುವವರ ಮುಂಗೈ ನಡುಗುತ್ತದೆ, ಆ ನಡುಕ ಸೂತ್ರದಲ್ಲಿ ಇಳಿದು ಗೊಂಬೆಯ ತಲೆಯಲ್ಲಿ ಕಾಣುತ್ತದೆ. ತೂಕ ಎಲ್ಲಿದೆ ಎನ್ನುವುದು ಎಷ್ಟಿದೆ ಎನ್ನುವುದಕ್ಕಿಂತ ಮುಖ್ಯ. ತಲೆ ಟೊಳ್ಳು, 120 ಗ್ರಾಂ ಒಳಗೆ. ಪ್ರತಿ ಪಾದದಲ್ಲಿ 40–50 ಗ್ರಾಂ ಸೀಸ, ಕಟಿಯಲ್ಲಿ 80–100, ಒಂದೊಂದು ಕೈಯಲ್ಲಿ 10–15. ಮೀನು ಗಾಳಕ್ಕೆ ಕಟ್ಟುವ ಸೀಸದ ಗುಂಡು ಸಿಗುತ್ತದೆ. ತೂತು ಕೊರೆದು ತುಂಬಿ ಎಪಾಕ್ಸಿಯಿಂದ ಮುಚ್ಚಿ. ಸೀಸ ಮುಟ್ಟಿದ ಕೈ ತೊಳೆಯದೆ ಊಟಕ್ಕೆ ಕೂರಬೇಡಿ, ಈ ಕೆಲಸವನ್ನು ಮಕ್ಕಳಿಗೆ ಕೊಡಬೇಡಿ.

ಮೋರ್ಗಾನಾಳ ಕಟಿಗೆ ಮಾತ್ರ 150 ಗ್ರಾಂ ಹಾಕಿ. ಅವಳು ಕುಂಡೆಯೂರಿ ಬೀಳುವಾಗ ಹಲಗೆಯ ಮೇಲೆ ‘ಧಡ್’ ಎಂದು ಕೇಳಬೇಕು. ಆ ಸದ್ದನ್ನು ಪಕ್ಕದಿಂದ ಮಾಡಿದರೆ ಮೋಸ ಎಂದು ಮಕ್ಕಳಿಗೂ ಗೊತ್ತಾಗುತ್ತದೆ.

ಕೀಲುಗಳಲ್ಲಿ ಮೊಣಕಾಲಿನದೊಂದೇ ಕಷ್ಟ. ತೊಡೆಯ ತುದಿಯಲ್ಲಿ 6 ಮಿ.ಮೀ. ಸೀಳು, ಕೆಳಗಾಲಿನ ತುದಿಯಲ್ಲಿ ಅದಕ್ಕೆ ಕೂರುವ 5 ಮಿ.ಮೀ. ನಾಲಿಗೆ, ಅಡ್ಡ 2 ಮಿ.ಮೀ. ತಂತಿ. ಸೀಳಿನ ಮುಂಭಾಗವನ್ನು ಕತ್ತರಿಸದೆ ಬಿಡಿ. ಆಗ ಕಾಲು ಹಿಂದಕ್ಕೆ ಮಾತ್ರ ಮಡಿಯುತ್ತದೆ. ಸೊಂಟದ ಕೆಳಗೆ ತೊಡೆಗಳು ಒಂದೇ ಅಡ್ಡ ತಂತಿಯ ಮೇಲೆ ತೂಗಲಿ. ಭುಜ, ಮೊಣಕೈ, ನಡುವಿಗೆ ಹತ್ತಿ ಹುರಿ ಸಾಕು. ಕುತ್ತಿಗೆಗೆ ಒಂದರೊಳಗೊಂದು ಸಿಕ್ಕಿಸಿದ ಎರಡು ಐ-ಸ್ಕ್ರೂ (ಉಂಗುರದ ತಲೆಯ ತಿರುಪು). ಎಲ್ಲ ಕೀಲುಗಳೂ ಎಣ್ಣೆ ಇಲ್ಲದೆ ಸಲೀಸಾಗಿ ಆಡಬೇಕು. ಎಣ್ಣೆ ಹಾಕಿದರೆ ಆಮೇಲೆ ಧೂಳು ಹಿಡಿದು ಕಚ್ಚಿಕೊಳ್ಳುತ್ತದೆ. ಬಿಗಿ ಎನಿಸಿದರೆ ಪೆನ್ಸಿಲಿನ ಕಡ್ಡಿಯ (ಗ್ರಾಫೈಟ್) ಪುಡಿ ಉಜ್ಜಿ.

ಮುಖ, ಬಟ್ಟೆ

ಮುಖವಾಡವನ್ನು ಬೇರೆ ಮಾಡಿ ಅಂಟಿಸಬೇಡಿ. ತಲೆಯಲ್ಲೇ ಕೆತ್ತಿ, ಕೆನ್ನೆಯ ಬಳಿ ಅದರ ಅಂಚು 2 ಮಿ.ಮೀ. ಎದ್ದು ಕಾಣುವಂತೆ ಬಿಡಿ. ಪಾಂತಲೋನೆಗೆ ಗಿಣಿಮೂಗಿನ ಕಂದು ಮುಖವಾಡ, ಮುಂದಕ್ಕೆ ಚಾಚಿದ ಬಿಳಿ ಹೋತಗಡ್ಡ, ಮೈಗಂಟಿದ ಕೆಂಪು ಉಡುಪು, ಮೇಲೆ ಕರಿ ನಿಲುವಂಗಿ. ತ್ರುಫಾಲ್ದಿನೊ ಕೊಮ್ಮೇದಿಯಾದ ಹೆಸರಾಂತ ಕೋಡಂಗಿ ಸೇವಕ ಅರ್ಲೆಕೀನೊನ ತಮ್ಮನಂಥವನು: ಕರಿ ಅರೆಮುಖವಾಡ, ತೇಪೆ ಬಟ್ಟೆ, ಸೊಂಟದಲ್ಲಿ ಮರದ ಚಪ್ಪಟೆ ಕೋಲು. ದೊತ್ತೋರೆಯ ಮುಖವಾಡ ಹಣೆ ಮತ್ತು ಮೂಗನ್ನಷ್ಟೇ ಮುಚ್ಚುತ್ತದೆ, ಕೆಳಗಿನ ಕೆನ್ನೆ ಕುಡಿದವನಂತೆ ಕೆಂಪು. ನಿನೆತ್ತಾ, ಸ್ಮೆರಾಲ್ದೀನಾ, ರಾಜ ಇವರಿಗೆ ಮುಖವಾಡ ಇಲ್ಲ. ಬಣ್ಣಕ್ಕೆ ಹೊಳಪು ವಾರ್ನಿಶ್ ಬೇಡ. ದೀಪ ಬಿದ್ದರೆ ಹಣೆಯ ಮೇಲೆ ಬಿಳಿ ಚುಕ್ಕೆಯೊಂದು ಕೂತು ಕಣ್ಣು ಮಾಯವಾಗುತ್ತದೆ.

ಬಟ್ಟೆಯ ವಿಷಯದಲ್ಲಿ ಆಗುವ ತಪ್ಪು ಒಂದೇ, ದಪ್ಪ. ತ್ರುಫಾಲ್ದಿನೊನ ತೇಪೆಗಳನ್ನು ನಿಜವಾಗಿಯೂ ಹೊಲಿದರೆ ಪ್ರತಿ ಹೊಲಿಗೆಯೂ ಒಂದು ಕಡ್ಡಿಯಂತೆ ನಿಂತು ಮೊಣಕೈ ಬಗ್ಗುವುದಿಲ್ಲ. ಹಳೆಯ, ಒಗೆದು ಮೆತ್ತಗಾದ ಹತ್ತಿ ಪಂಚೆಯ ಮೇಲೆ ಚೌಕುಳಿ ಬಣ್ಣ ಬರೆಯಿರಿ. ಅಂಗಿಯನ್ನು ಗೊಂಬೆ ಕೈ ಮೇಲೆತ್ತಿರುವಾಗಲೇ ಅಳತೆ ತೆಗೆದು ಹೊಲಿಯಿರಿ. ಕೈ ಇಳಿಬಿಟ್ಟು ಹೊಲಿದರೆ ಆಮೇಲೆ ಎತ್ತುವಾಗ ಕಂಕುಳಲ್ಲಿ ಹಿಡಿಯುತ್ತದೆ.

ಮೋರ್ಗಾನಾಳ ಲಂಗಕ್ಕೆ ಮಾತ್ರ ಭಾರದ ಬಟ್ಟೆ, ಅಂಚಿನಲ್ಲಿ ಸಣ್ಣ ಸರಪಳಿ. ಕಾಲು ಮೇಲೆದ್ದಾಗ ಅದು ತಾನಾಗಿ ಹಿಂದಕ್ಕೆ ಜಾರಿ ಒಳಗಿನ ಕೆಂಪು ಬಿಳಿ ಪಟ್ಟೆಯ ಕಾಲುಚೀಲ ಕಾಣಬೇಕು. ಅಲ್ಲಿಯವರೆಗೆ ಆ ಕಾಲುಚೀಲ ಯಾರ ಕಣ್ಣಿಗೂ ಬೀಳಬಾರದು.

ಒಂಬತ್ತು ಸೂತ್ರ

ತಲೆಗೆ ಎರಡು, ಭುಜಕ್ಕೆ ಎರಡು, ಬೆನ್ನಿಗೆ ಒಂದು, ಕೈಗೆ ಎರಡು, ಮೊಣಕಾಲಿಗೆ ಎರಡು. ಹಿಡಿಕೆ ಅಡ್ಡ ಹಿಡಿಯುವಂಥದು: 20 ಸೆಂ.ಮೀ. ಉದ್ದ, 2.5 ಅಗಲ, 1.2 ದಪ್ಪದ ಪಟ್ಟಿ. ಮುಂತುದಿಯಿಂದ 6 ಸೆಂ.ಮೀ. ಹಿಂದೆ 14 ಸೆಂ.ಮೀ. ಅಡ್ಡಪಟ್ಟಿ ಕೂರಿಸಿ, ಅದರ ಎರಡು ತುದಿಗೆ ತಲೆಯ ಸೂತ್ರ. ಭುಜದ ಸೂತ್ರಗಳು ಅಡ್ಡಪಟ್ಟಿಗಲ್ಲ, ಉದ್ದ ಪಟ್ಟಿಯ ನಡುವಿಗೆ. ಹಿಡಿಕೆಯನ್ನು ಪಕ್ಕಕ್ಕೆ ಓರೆ ಮಾಡಿದಾಗ ಮೈ ಅಲುಗದೆ ತಲೆ ಮಾತ್ರ ಓರೆಯಾಗುವುದು ಈ ಏರ್ಪಾಡಿನಿಂದ. ಬೆನ್ನಿನ ಸೂತ್ರ ಹಿಂತುದಿಗೆ, ಕೈಯವು ಮುಂತುದಿಗೆ. ಕಾಲಿನದು 16 ಸೆಂ.ಮೀ. ಬೇರೆಯೇ ಪಟ್ಟಿ, ಬಳಸದಾಗ ಮುಂತುದಿಯ ಕೊಕ್ಕೆಗೆ ತಗುಲಿಕೊಂಡಿರುತ್ತದೆ.

ಮೀನು ಹಿಡಿಯುವ ಪಾರದರ್ಶಕ ನೈಲಾನ್ ಎಳೆ ಕಾಣುವುದಿಲ್ಲ ಎಂದುಕೊಂಡು ಬಹಳ ಜನ ಅದನ್ನೇ ಕಟ್ಟುತ್ತಾರೆ. ಅದು ದೀಪಕ್ಕೆ ಹೊಳೆಯುತ್ತದೆ, ಸುತ್ತಿಟ್ಟರೆ ಸುರುಳಿಯಾಗಿಯೇ ಉಳಿಯುತ್ತದೆ, ಗಂಟು ಜಾರುತ್ತದೆ. ಹೆಣೆದ ಕಪ್ಪು ದಾರ ತಂದು ಜೇನುಮೇಣ ಉಜ್ಜಿ. ಕಪ್ಪು ದಾರ ಕಡುನೀಲಿ ಪರದೆಯ ಮುಂದೆ ಮೂರು ಮೀಟರಿಗೇ ಕರಗಿಹೋಗುತ್ತದೆ.

ಕಟ್ಟುವ ಕ್ರಮ ತಪ್ಪಿದರೆ ಎಲ್ಲವನ್ನೂ ಬಿಚ್ಚಿ ಕಟ್ಟಬೇಕಾಗುತ್ತದೆ. ಗೊಂಬೆಯನ್ನು ಎರಡು ಪುಸ್ತಕದ ರಾಶಿಗಳ ನಡುವೆ ನೆಟ್ಟಗೆ ನಿಲ್ಲಿಸಿ. ಹಿಡಿಕೆಯನ್ನು ಆಡಿಸುವವರ ಮೊಣಕೈ ಎತ್ತರಕ್ಕೆ, ಅಂದರೆ ನೆಲದಿಂದ ಸುಮಾರು 1 ಮೀಟರಿಗೆ, ಕೊಕ್ಕೆಯಿಂದ ತೂಗುಬಿಡಿ. ಮೊದಲು ಭುಜ, ಮೈಯ ಭಾರ ಹೊರುವುದು ಅವೇ. ಆಮೇಲೆ ತಲೆ, ಕಿವಿಯ ಮೇಲ್ಭಾಗಕ್ಕೆ ಒಂದಿಷ್ಟು ಹಿಂದೆ. ಅಲ್ಲಿ ಕಟ್ಟಿದರೆ ಮುಖ ತುಸು ಕೆಳಗೆ ಬಾಗಿ, ಪ್ರೇಕ್ಷಕರತ್ತ ನೋಡಿದಂತಾಗುತ್ತದೆ. ಮುಂದೆ ಕಟ್ಟಿದರೆ ಇಡೀ ನಾಟಕ ಸೂರು ನೋಡುತ್ತಿರುತ್ತದೆ. ಮೂರನೆಯದು ಬೆನ್ನು, ಅದು ಸಡಿಲವೂ ಅಲ್ಲ ಬಿಗಿಯೂ ಅಲ್ಲ. ಕೈಯ ಸೂತ್ರವನ್ನು ಹೆಬ್ಬೆರಳ ಬುಡದಲ್ಲಿ ಕಟ್ಟಿ. ಕೊನೆಗೆ ಮೊಣಕಾಲು: ಸಂದಿಗಲ್ಲ, ಅದರ 1 ಸೆಂ.ಮೀ. ಮೇಲೆ ತೊಡೆಯಲ್ಲಿ ತೂತು ಕೊರೆದು. ಎಲ್ಲವನ್ನೂ ಮೊದಲು ಜಾರುಗಂಟು ಹಾಕಿ ಒಂದು ದಿನ ಆಡಿಸಿ ನೋಡಿ, ಆಮೇಲೆ ಗಟ್ಟಿ ಗಂಟು ಮತ್ತು ಒಂದು ಹನಿ ಫೆವಿಕ್ವಿಕ್.

ಗೊಂಬೆ ಸರಿಯಿಲ್ಲದಾಗ ನೋಡಬೇಕಾದ್ದು ಇಷ್ಟು. ನಿಂತಲ್ಲೇ ಪಕ್ಕಕ್ಕೆ ತಿರುಗುತ್ತಿದ್ದರೆ ಭುಜದ ಒಂದು ಸೂತ್ರ ಗಿಡ್ಡ. ನಡೆಯುವಾಗ ಕಾಲು ಎಳೆದುಕೊಂಡು ಬಂದರೆ ಪಾದದ ಸೀಸ ಕಡಿಮೆ, ಅಥವಾ ಷರಾಯಿ ಮೊಣಕಾಲಲ್ಲಿ ಬಿಗಿ. ಎರಡೂ ಮೊಣಕಾಲು ಸದಾ ಬಾಗಿದ್ದರೆ ಗೊಂಬೆಯದೇನೂ ತಪ್ಪಿಲ್ಲ, ಹಿಡಿದವರ ಕೈ ಇಳಿದಿದೆ. ಪಾದ ನೆಲದಿಂದ ಒಂದು ಬೆರಳು ಮೇಲಿದ್ದರೆ ಕೈ ಏರಿದೆ. ಈ ತೇಲುವುದೊಂದನ್ನು ಯಾವ ಕಾರಣಕ್ಕೂ ಕ್ಷಮಿಸಬೇಡಿ. ಮುದುಕಿ ಬೀಳುವುದನ್ನು ಬಿಟ್ಟರೆ ಇಡೀ ಆಟದಲ್ಲಿ ಪಾದ ನೆಲ ಬಿಡಬಹುದಾದ ಜಾಗ ಒಂದೇ, ತಿದಿ ಹಿಡಿದ ದೆವ್ವ ಫಾರ್ಫರೆಲ್ಲೊ ಹಿಂದಿನಿಂದ ಗಾಳಿ ಊದಿ ರಾಜಕುಮಾರನನ್ನೂ ತ್ರುಫಾಲ್ದಿನೊನನ್ನೂ ಕ್ರೆಯೋಂತಾಳ ಕೋಟೆಯತ್ತ ಹಾರಿಸುವಾಗ. ಅಲ್ಲಿಯವರೆಗೆ ಎಲ್ಲರೂ ನೆಲಕ್ಕೆ ಕಾಲೂರಿ ನಡೆದಿದ್ದರೆ ಮಾತ್ರ ಆ ಹಾರಾಟಕ್ಕೆ ಬೆಲೆ.

ಬೀಳಿಸುವುದು

ಈಗ ಮುದುಕಿ. ನಿಧಾನಕ್ಕೆ ಬರಲಿ, ಎಡಗೈಯಲ್ಲಿ ಎಣ್ಣೆ ಪಾತ್ರೆ. ತ್ರುಫಾಲ್ದಿನೊ ಅಡ್ಡ ಬರುತ್ತಾನೆ, ಬೈದಾಟ, ತಳ್ಳಾಟ. ತಳ್ಳಿದ ಕೂಡಲೇ ಬೀಳಿಸಿದರೆ ಕೆಟ್ಟಿತು. ತಳ್ಳಿದ ಮೇಲೆ ಅವಳು ಎರಡು ಎಣಿಕೆ ಗಟ್ಟಿಯಾಗಿ ನಿಲ್ಲಬೇಕು, ಏನೂ ಆಗಿಲ್ಲವೆಂಬಂತೆ. ಮೂರನೇ ಎಣಿಕೆಗೆ ಹಿಡಿಕೆಯನ್ನು ನೇರ ಕೆಳಕ್ಕೆ ಸುಮಾರು ಇಪ್ಪತ್ತು ಸೆಂ.ಮೀ. ಥಟ್ಟನೆ ಇಳಿಸಿ, ಕುಂಡೆ ಹಲಗೆಗೆ ಬಡಿಯುತ್ತದೆ. ಅದೇ ಉಸಿರಿನಲ್ಲಿ ಇನ್ನೊಂದು ಕೈ ಕಾಲಿನ ಪಟ್ಟಿಯನ್ನು ಕೊಕ್ಕೆಯಿಂದ ಬಿಡಿಸಿ ಮೇಲಕ್ಕೂ ಮುಂದಕ್ಕೂ ಎತ್ತಬೇಕು. ಹಿಡಿಕೆ ಇನ್ನೂ ಇಳಿಯುತ್ತಿರುವಂತೆ ಬೆನ್ನು ನೆಲಕ್ಕೆ, ಕಾಲು ಆಕಾಶಕ್ಕೆ, ಲಂಗ ಹಿಂದಕ್ಕೆ, ಪಟ್ಟೆ ಕಾಲುಚೀಲ ಹೊರಕ್ಕೆ. ಅಲ್ಲಿಗೆ ನಿಲ್ಲಿಸಿ. ಮೂರು ಎಣಿಕೆ ಏನೂ ಅಲುಗಬಾರದು. ನಾಲ್ಕನೆಯದಕ್ಕೆ ಒಂದು ಪಾದ ಮಾತ್ರ ಸಣ್ಣಗೆ ನಡುಗಲಿ.

ಆ ಮೂರು ಎಣಿಕೆಯನ್ನು ತಿನ್ನದೆ ಬಿಡುವುದೇ ಕಷ್ಟ. ನಗು ಕೇಳಿಸದಿದ್ದರೆ ಆಡಿಸುವವರಿಗೆ ಗಾಬರಿ, ಕೂಡಲೇ ಕಾಲು ಒದೆಯಿಸತೊಡಗುತ್ತಾರೆ. ನೋಡುವವರಿಗೆ ಏನಾಯಿತೆಂದು ತಿಳಿಯಲೇ ಒಂದೂವರೆ ಕ್ಷಣ ಬೇಕು. ಒದೆತ ಅದನ್ನು ಅಳಿಸಿಹಾಕುತ್ತದೆ. ಇನ್ನೊಂದು ಅಪಾಯ ಯಾಂತ್ರಿಕವಾದ್ದು: ಹಿಡಿಕೆ ಇಳಿಸುವಾಗ ಓರೆಯಾದರೆ ಸಡಿಲಾದ ಕೈಯ ಸೂತ್ರ ಮೂಗಿಗೋ ಪಾತ್ರೆಯ ಹಿಡಿಗೋ ಸುತ್ತಿಕೊಂಡು ಮುದುಕಿ ಏಳುವುದೇ ಇಲ್ಲ. ಹಿಡಿಕೆ ಕೊನೆಯವರೆಗೂ ನೆಲಕ್ಕೆ ಸಮಾನಾಂತರ ಇರಲಿ, ಪಾತ್ರೆಗೆ ಹಿಡಿ ಬೇಡ, ಮೂಗು ಎಷ್ಟೇ ಉದ್ದವಿದ್ದರೂ ತುದಿ ಕೆಳಮುಖವಾಗಿರಲಿ.

ರಾಜಕುಮಾರನ ನಗು ಇದಾದ ಮೇಲೆ. ಅವನ ಮುಖದಲ್ಲಿ ಬಾಯಿ ಆಡುವುದಿಲ್ಲ, ಹಾಗಾಗಿ ನಗು ಭುಜದಲ್ಲಿ ಬರಬೇಕು. ಹಿಡಿಕೆಯನ್ನು ಅರ್ಧ ಸೆಂ.ಮೀ.ನಷ್ಟು ಮೇಲೆ ಕೆಳಗೆ ಬೇಗಬೇಗ, ಮೊದಲು ಒಂದೇ ಸಲ, ನಿಲುಗಡೆ, ಆಮೇಲೆ ಎರಡು, ಮತ್ತೆ ನಿಲುಗಡೆ, ಆಮೇಲೆ ತಡೆಯಿಲ್ಲದೆ.

ಕಿತ್ತಳೆಯೊಳಗಿನ ಹುಡುಗಿ

45 ಸೆಂ.ಮೀ. ಗೊಂಬೆ ಕಿತ್ತಳೆಯೊಳಗೆ ಹಿಡಿಸುವುದಿಲ್ಲ, ಹಿಡಿಸುವುದೂ ಬೇಡ. ಕಿತ್ತಳೆ ಮುಂದಿನ ಅರ್ಧ ಚಿಪ್ಪು ಮಾತ್ರ. ದೊಡ್ಡ ಬಲೂನು 28–30 ಸೆಂ.ಮೀ.ಗೆ ಊದಿ ಆರು ಪದರ ಪೇಪರ್ ಹಚ್ಚಿ, ಒಣಗಿದ ಮೇಲೆ ನಡುವೆ ಕೊಯ್ದರೆ ಒಂದು ಬಲೂನಿಗೆ ಎರಡು ಕಿತ್ತಳೆ. ಪ್ರತಿ ಚಿಪ್ಪನ್ನೂ ಮೇಲಿನಿಂದ ಕೆಳಕ್ಕೆ ಇನ್ನೊಮ್ಮೆ ಸೀಳಿ, ಎರಡು ಹೋಳುಗಳನ್ನೂ ಬುಡದಲ್ಲಿ ಬಟ್ಟೆಯ ಕೀಲಿನಿಂದ ಹಲಗೆಯೊಂದಕ್ಕೆ ಕೂರಿಸಿ. ಹೋಳುಗಳ ತಲೆಯಲ್ಲಿ ಒಂದೊಂದು ಉಂಗುರ, ಅವುಗಳೊಳಗೆ ಒಂದು ಕಡ್ಡಿ, ಕಡ್ಡಿಗೆ ಮೇಲಕ್ಕೆ ಹೋಗುವ ದಾರ. ದಾರ ಎಳೆದರೆ ಹೋಳುಗಳು ಎರಡು ಪಕ್ಕಕ್ಕೆ ಬೀಳುತ್ತವೆ. ಹುಡುಗಿ ಅದರ ಹಿಂದೆ ಮಂಡಿ ಮಡಚಿ, ತಲೆ ಬಾಗಿಸಿ ಕೂತಿರುತ್ತಾಳೆ. ಅವಳ ಹಿಡಿಕೆ ಮೊದಲೇ ಹಿಂದಿನ ಪರದೆಯ ತುದಿಯ ಒರಗುಪಟ್ಟಿಯ ಕೊಕ್ಕೆಯಲ್ಲಿ. ಹೋಳು ಬೀಳುವುದಕ್ಕೂ ಅವಳು ಏಳುವುದಕ್ಕೂ ನಡುವೆ ಒಂದು ಉಸಿರು ಬಿಡಿ. ಕಡ್ಡಿ ಸಿಕ್ಕಿಕೊಳ್ಳುವುದು ಇಲ್ಲಿನ ಮಾಮೂಲಿ ತೊಂದರೆ. ಅದಕ್ಕೆ ಮೇಣ ಹಚ್ಚಿ, ಪ್ರತಿ ಆಟಕ್ಕೂ ಮುಂಚೆ ಮೂರು ಸಲ ಎಳೆದು ನೋಡಿ.

ಹೊರಬಂದ ಹುಡುಗಿಗೆ ತಡೆಯಲಾರದ ಬಾಯಾರಿಕೆ. ಮೊದಲ ಎರಡನ್ನು ನೀರೇ ಇಲ್ಲದ ಕಡೆ ಬಿಚ್ಚಿ ತ್ರುಫಾಲ್ದಿನೊ ಇಬ್ಬರನ್ನೂ ಕಳೆದುಕೊಳ್ಳುತ್ತಾನೆ. ಮೂರನೆಯದನ್ನು ರಾಜಕುಮಾರ ಕೆರೆಯ ಬಳಿ ಬಿಚ್ಚಿ, ತನ್ನ ಕಬ್ಬಿಣದ ಪಾದರಕ್ಷೆಯಲ್ಲಿ ನೀರು ಮೊಗೆದು ಕುಡಿಸುತ್ತಾನೆ. ಆ ಪಾದರಕ್ಷೆಯನ್ನು ಎತ್ತುವುದಕ್ಕೆ ಬಲ ಅಂಗೈಯಲ್ಲಿ 8 ಮಿ.ಮೀ. ಅಗಲ, 3 ಮಿ.ಮೀ. ದಪ್ಪದ ನಿಯೋಡಿಮಿಯಂ ಅಯಸ್ಕಾಂತ, ಪಾದರಕ್ಷೆಯೊಳಗೆ ತಗಡಿನ ಚೂರು. ಎರಡೂ ಅಂಗೈಗೆ ಅಯಸ್ಕಾಂತ ಹಾಕಿದರೆ ರಾಜಕುಮಾರ ಬೇಡದ ಹೊತ್ತಿನಲ್ಲಿ ಕೈಮುಗಿದು ನಿಂತುಬಿಡುತ್ತಾನೆ. ಅಯಸ್ಕಾಂತ ಹೊರಗೆ ಕಾಣದಂತೆ ಎಪಾಕ್ಸಿಯಿಂದ ಗಟ್ಟಿ ಮಾಡಿ. ನುಂಗಿದರೆ ಮಕ್ಕಳ ಪ್ರಾಣಕ್ಕೇ ಕುತ್ತು.

ಸ್ಮೆರಾಲ್ದೀನಾ ತಲೆಗೆ ಸೂಜಿ ಚುಚ್ಚಿದಾಗ ನಿನೆತ್ತಾ ಪಾರಿವಾಳ ಆಗುವುದು, ಅಡುಗೆಮನೆಯಲ್ಲಿ ಸೂಜಿ ಕಿತ್ತಾಗ ಪಾರಿವಾಳ ನಿನೆತ್ತಾ ಆಗುವುದು ಎರಡಕ್ಕೂ ಒಂದೇ ಉಪಾಯ. ಒಂದು ಮರೆ (ಮೊದಲನೆಯದಕ್ಕೆ ಬಂಡೆ, ಎರಡನೆಯದಕ್ಕೆ ಹಿಟ್ಟಿನ ಮೂಟೆ), ಒಂದು ತಾಳದ ಏಟು, ಒಂದು ಕ್ಷಣ ದೀಪ ತಗ್ಗುವುದು. ಒಂದು ಇಳಿಯುತ್ತದೆ, ಇನ್ನೊಂದು ಏರುತ್ತದೆ. ಇಬ್ಬರು ಬೇರೆ ಬೇರೆ ಆಡಿಸುವವರು ಇರಲೇಬೇಕು.

ರಂಗ

ಆಡಿಸುವವರೂ ಗೊಂಬೆಗಳೂ ಒಂದೇ ವೇದಿಕೆಯ ಮೇಲೆ. ಅದು ಸಭೆಯ ನೆಲದಿಂದ 60–75 ಸೆಂ.ಮೀ. ಎತ್ತರ. ತೆರೆದ ಬಾಯಿ 180 ಸೆಂ.ಮೀ. ಅಗಲ, 70 ಎತ್ತರ; ಅದರ ಮೇಲೆ ತಲೆ ಮುಚ್ಚುವಷ್ಟು ಬಟ್ಟೆ. ಆಟದ ಆಳ 70 ಸೆಂ.ಮೀ. ಹಿಂದಿನ ಪರದೆಯ ಎತ್ತರ 75, ಅದರ ತುದಿಯಲ್ಲಿ ಗಟ್ಟಿಮುಟ್ಟಾದ ಒರಗುಪಟ್ಟಿ. ಅದರ ಮೇಲೆ ಮೈ ಆನಿಸಿ ಕೈ ಚಾಚಿ ಆಡಿಸುವುದರಿಂದ ಸೊಂಟ ಉಳಿಯುತ್ತದೆ. ಗಿಡ್ಡ ಇರುವವರ ಕಾಲ ಕೆಳಗೆ ಮರದ ಮಣೆ. ಸೂತ್ರ ಗಿಡ್ಡ ಮಾಡುವುದಲ್ಲ. ನೆಲಕ್ಕೆ ತೆಳು ರತ್ನಗಂಬಳಿ ಹಾಸಬೇಡಿ, ಮೋರ್ಗಾನಾಳ ‘ಧಡ್’ ಅದರಲ್ಲಿ ಸಾಯುತ್ತದೆ. ದೀಪ ಎರಡು, 10 ವ್ಯಾಟ್‌ನ ಎಲ್‌ಇಡಿ, ಮುಂದಿನಿಂದ ಎಡಕ್ಕೂ ಬಲಕ್ಕೂ ಓರೆಯಾಗಿ.

ತ್ರುಫಾಲ್ದಿನೊನ ಕೋಲೇಟಿಗೆ ಪಕ್ಕದಲ್ಲಿ ಬೇರೆ ಕೋಲು ಬೇಕು: 30 ಸೆಂ.ಮೀ. ಉದ್ದ, 4 ಅಗಲ, 5 ಮಿ.ಮೀ. ದಪ್ಪದ ಎರಡು ಪಟ್ಟಿ, ಹಿಡಿಯ ಬಳಿ ನಡುವೆ 5 ಮಿ.ಮೀ. ಚೂರಿಟ್ಟು ಬಿಗಿದದ್ದು. ಒಂದು ಪಟ್ಟಿ ಇನ್ನೊಂದಕ್ಕೆ ಬಡಿದು ಜೋರು ಸದ್ದು, ಪೆಟ್ಟಿಲ್ಲ. ಕೊಮ್ಮೇದಿಯಾದ ನಟರು ಸೊಂಟದಲ್ಲಿ ಸಿಕ್ಕಿಸಿಕೊಳ್ಳುತ್ತಿದ್ದ ಬತೋಚ್ಚೊ ಇದೇ. ಬಡಿಯುವವರು ಹಾಳೆ ನೋಡಬಾರದು, ಗೊಂಬೆ ನೋಡಬೇಕು.

ಮಾತು

ಗೊಝ್ಝಿ ಈ ನಾಟಕದ ಪೂರ್ಣ ಸಂಭಾಷಣೆಯನ್ನು ಬರೆದಿಡಲಿಲ್ಲ. ಉಳಿದಿರುವುದು ದೃಶ್ಯದಿಂದ ದೃಶ್ಯಕ್ಕೆ ಏನಾಯಿತೆಂಬ ವಿವರಣೆ, ಅಲ್ಲಲ್ಲಿ ಒಂದಿಷ್ಟು ಪದ್ಯ. ಮುಖವಾಡದವರು ತಮ್ಮ ಮಾತು ತಾವೇ ಕಟ್ಟುತ್ತಿದ್ದರು. ಯಕ್ಷಗಾನ ನೋಡಿದವರಿಗೆ ಇದು ವಿವರಿಸಬೇಕಾದ ಸಂಗತಿಯಲ್ಲ: ಪ್ರಸಂಗದ ಪದ್ಯ ಇದ್ದದ್ದು ಇದ್ದಂತೆ, ಅರ್ಥ ವೇಷಧಾರಿಯದು. ನೀವೂ ಒಂದೇ ಪುಟದ ಕಾನೊವಾಚ್ಚೊ ಬರೆದು ಪರದೆಯ ಹಿಂದೆ ದಪ್ಪ ಅಕ್ಷರದಲ್ಲಿ ಅಂಟಿಸಿ: ಯಾರು ಯಾವ ಕಡೆಯಿಂದ ಬರುತ್ತಾರೆ, ಕೈಯಲ್ಲೇನು, ಯಾವ ಮಾತಿಗೆ ಹೋಗುತ್ತಾರೆ. ಹೋಗುವ ಮಾತು ಮಾತ್ರ ಬದಲಾಗಬಾರದು, ಮುಂದಿನವರು ಅದಕ್ಕೇ ಕಾದಿರುತ್ತಾರೆ.

ಇಟಲಿಯಲ್ಲಿ ಒಂದೊಂದು ಮುಖವಾಡಕ್ಕೂ ಒಂದೊಂದು ಊರಿನ ನುಡಿ. ಪಾಂತಲೋನೆ ವೆನಿಸ್‌ನವನು, ದೊತ್ತೋರೆ ಬೊಲೋನ್ಯಾದವನು, ಬಾಯಲ್ಲಿ ಹರುಕು ಲ್ಯಾಟಿನ್. ಕನ್ನಡದಲ್ಲಿ ಆಡುವಾಗ ಧಾರವಾಡ, ಮಂಗಳೂರು, ಮಂಡ್ಯ ಎಂದು ಹಂಚುವ ಆಸೆ ಆಗುತ್ತದೆ. ಆ ನುಡಿ ಮನೆಮಾತಾಗಿರುವವರು ತಂಡದಲ್ಲಿದ್ದರೆ ಧಾರಾಳವಾಗಿ ಹಂಚಿ. ಇಲ್ಲದಿದ್ದರೆ ಅದು ಅಣಕವಾಗಿ ಕೇಳುತ್ತದೆ. ದೊತ್ತೋರೆಯ ಲ್ಯಾಟಿನ್‌ಗೆ ಅರ್ಧಂಬರ್ಧ ಸಂಸ್ಕೃತ ಚೆನ್ನಾಗಿ ಕೂರುತ್ತದೆ. ಅವನ ತರ್ಕದ ಮಾದರಿ ಹೀಗೆ:

“ನಾಡಿ ಬಡೀತಾ ಇದೆ, ಅಂದ್ರೆ ರೋಗಿ ಬದುಕಿದಾನೆ. ಬದುಕಿರೋರಿಗೆ ಕಾಯಿಲೆ ಬರುತ್ತೆ. ಆದ್ದರಿಂದ ಬಂದಿದೆ. ಅತಃ ಏವ, ನನ್ನ ಫೀಸು.”

ಪಾಂತಲೋನೆಗೆ ಹಣ ಬಿಟ್ಟರೆ ಬೇರೆ ಸ್ವರವಿಲ್ಲ:

“ಮಗ ನಕ್ರೆ ಸಾಕು ಪಾಂತಲೋನೆ, ಖಜಾನೆ ಬಾಗಿಲು ತೆಗಿ.”
“ಪೂರ್ತಿ ತೆಗೀಬೇಕಾ ಮಹಾಪ್ರಭು? ಕಿಂಡಿ ಸಾಕಾಗಲ್ವಾ?”

ರಾಜಕುಮಾರನ ಕಾಯಿಲೆಗೆ ಗೊಝ್ಝಿ ಕೊಟ್ಟ ಕಾರಣ ತನ್ನ ಕಾಲದ ನಾಟಕಕಾರರ ಮೇಲಿನ ಗೇಲಿ: ಅವರ ಉದ್ದುದ್ದ ಪದ್ಯಗಳನ್ನು ಶತ್ರುಗಳು ಅವನಿಗೆ ವಿಷದಂತೆ ತಿನ್ನಿಸುತ್ತಿದ್ದಾರೆ. ಇಂದಿನ ಸಭೆಗೆ ಆ ಪದ್ಯ ತಟ್ಟುವುದಿಲ್ಲ. ದಿನಾ ಬೆಳಗ್ಗೆ ಗುಲಾಬಿ ಹೂವಿನ ಚಿತ್ರದೊಂದಿಗೆ ಬರುವ ಶುಭೋದಯದ ಸುಭಾಷಿತಗಳನ್ನು ಓದಿ ಓದಿ ಹೀಗಾಗಿದ್ದಾನೆ ಎಂದರೆ ಯಾರಿಗೂ ವಿವರಣೆ ಬೇಕಾಗುವುದಿಲ್ಲ.

ಕಥೆಯ ನಡುವೆ ತೂರಿಸುವ ಸಣ್ಣ ಹಾಸ್ಯದ ತುಣುಕುಗಳಿಗೆ ಲಾತ್ಸಿ (ಒಂದಾದರೆ ಲಾತ್ಸೊ) ಎಂದು ಹೆಸರು. ಈ ಆಟಕ್ಕೆ ಮೂರು ಸಾಕು. ಅವುಗಳಲ್ಲಿ ನೊಣದ ಲಾತ್ಸೊ ಗೊಂಬೆಗೆ ಅತಿ ಸುಲಭ, ನೊಣವೇ ಬೇಡ. ಸದ್ದಿನವರು ‘ಗುಂಯ್’ ಎನ್ನುತ್ತಾರೆ. ತ್ರುಫಾಲ್ದಿನೊನ ಮೈ ನಿಂತಲ್ಲೇ ಇರುತ್ತದೆ, ತಲೆ ಮಾತ್ರ ಆ ಸದ್ದಿನ ಹಿಂದೆ ನಾಲ್ಕು ಎಣಿಕೆ ತಿರುಗುತ್ತದೆ. ಸದ್ದು ನಿಲ್ಲುತ್ತದೆ, ಮೂಗಿನ ಮೇಲೆ ಕೂತಿತು. ಕೈ ನಿಧಾನಕ್ಕೆ ಏರಿ, ಟಪ್. ಮುಷ್ಟಿಯನ್ನು ಕಿವಿಗೆ ತರುತ್ತಾನೆ: ಗುಂಯ್. ಬಾಯಿಗೆ ತರುತ್ತಾನೆ. ತಲೆ ಹಿಂದಕ್ಕೆ, ಒಂದು ನಿಲುಗಡೆ. ಆಮೇಲೆ ಅದೇ ‘ಗುಂಯ್’ ಹೊಟ್ಟೆಯೊಳಗಿನಿಂದ, ಮಂದ್ರದಲ್ಲಿ. ತಲೆ ನಿಧಾನವಾಗಿ ಬಾಗಿ ಹೊಟ್ಟೆ ನೋಡಿಕೊಳ್ಳುತ್ತದೆ. ಇದನ್ನು ಅಡುಗೆಮನೆಯ ದೃಶ್ಯದಲ್ಲಿಡಿ, ಪಾರಿವಾಳ ಅವನನ್ನು ನಿದ್ದೆಗೆ ದೂಡಿ ಒಲೆಯ ಮೇಲಿನ ಮಾಂಸ ಹೊತ್ತುವ ಮುಂಚೆ. ಮುದುಕಿ ಬೀಳುವ ದೃಶ್ಯದ ಹತ್ತಿರ ಮಾತ್ರ ಯಾವ ಲಾತ್ಸಿಯೂ ಬೇಡ.

ತಾಲೀಮಿಗೆ ಆರು ವಾರ ಇಟ್ಟುಕೊಳ್ಳಿ. ಮೊದಲ ಎರಡು ವಾರ ಮಾತೇ ಬೇಡ: ನಡೆ, ನಿಲ್ಲು, ಕೂರು, ತಿರುಗು, ಅದೂ ಕನ್ನಡಿಯ ಮುಂದೆ. ಮೇಲಿನಿಂದ ನೋಡುವವರಿಗೆ ಗೊಂಬೆಯ ನೆತ್ತಿ ಮಾತ್ರ ಕಾಣುವುದರಿಂದ ಪಾದ ತೇಲುತ್ತಿರುವುದು ತಿಳಿಯುವುದೇ ಇಲ್ಲ. ಮೂರನೇ ವಾರದಿಂದ ಮಾತು. ಆಡುವ ಗೊಂಬೆ ಮಾತಾಡುವಾಗ ಉಳಿದವು ಕಲ್ಲಿನಂತೆ ನಿಲ್ಲಬೇಕು; ಎಲ್ಲವೂ ಒಟ್ಟಿಗೆ ಅಲುಗಾಡಿದರೆ ಯಾರ ಮಾತೆಂದು ತಿಳಿಯದು.

ಆಟ ಮುಗಿದ ಮೇಲೆ ಗೊಂಬೆಗಳನ್ನು ಪೆಟ್ಟಿಗೆಗೆ ಹಾಗೇ ಹಾಕಬೇಡಿ. ಕಾಲಿನ ಪಟ್ಟಿ ಕೊಕ್ಕೆಗೆ ತಗುಲಿಸಿ, ಹಿಡಿಕೆ ಎತ್ತಿ ಹಿಡಿದು ಗೊಂಬೆಯನ್ನು ಒಂದೇ ದಿಕ್ಕಿಗೆ ಏಳೆಂಟು ಸುತ್ತು ತಿರುಗಿಸಿ. ಸೂತ್ರಗಳೆಲ್ಲ ಹುರಿಯಂತೆ ಒಂದಾದ ಮೇಲೆ ನಡುವೆ ಒಂದು ರಿಬ್ಬನ್ ಕಟ್ಟಿ, ಒಂದೊಂದು ಗೊಂಬೆಗೂ ಬೇರೆ ಬಟ್ಟೆಚೀಲ. ಮುಂದಿನ ಸಲ ಚೀಲದಿಂದ ತೆಗೆದು, ರಿಬ್ಬನ್ ಬಿಚ್ಚಿ, ಎತ್ತಿ ಹಿಡಿದರೆ ಗೊಂಬೆ ತಾನೇ ಹಿಂದಕ್ಕೆ ಗಿರ್ರನೆ ತಿರುಗಿ ಬಿಡಿಸಿಕೊಳ್ಳುತ್ತದೆ. ಮೋರ್ಗಾನಾಳ ಚೀಲವನ್ನು ಮಾತ್ರ ಅಡಿಗೆ ಇಡಿ, ಅವಳ ಕಟಿಯ ಸೀಸ ಉಳಿದವರ ಮೂಗು ಮುರಿದೀತು.